ನೀರು ಯಾವುದೆಂದು ಮೊದಲು ಕೇಳುವವರು

ಅಮೆರಿಕದ ಡೆಟ್ರಾಯಿಟ್ ಬಳಿಯ ಟ್ರಾಯ್ ಎಂಬ ಊರಿಗೆ ನಾನು ಬಂದು ಹನ್ನೊಂದು ವರ್ಷಗಳಾದವು. ನಮ್ಮ ಕಡೆ ನಾಲ್ಕು ಜನ ಸೇರಿದರೆ ಮಳೆ ಬೆಳೆಯ ಮಾತು ಬರುವಷ್ಟೇ ಸಹಜವಾಗಿ ಈ ಸೀಮೆಯಲ್ಲಿ ಕಾರಿನ ಬಣ್ಣದ ಮಾತು ಬರುತ್ತದೆ. ಚಳಿಗಾಲದುದ್ದಕ್ಕೂ ರಸ್ತೆಗೆ ಸುರಿಯುವ ಉಪ್ಪು ಕಾರಿನ ತಳವನ್ನು ತಿನ್ನುತ್ತಿರುತ್ತದೆ. ಏಪ್ರಿಲ್ ಬಂತೆಂದರೆ ಗ್ಯಾರೇಜುಗಳ ಬಾಗಿಲು ತೆರೆದುಕೊಂಡು, ಸೋಪಿನ ನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು ಎಂದು ಎರಡೆರಡು ಬಕೆಟ್‌ಗಳು ಹೊರಗೆ ಬರುತ್ತವೆ. ವುಡ್‌ವರ್ಡ್ ರಸ್ತೆಯಲ್ಲಿ 1995ರಲ್ಲಿ ಶುರುವಾದ ಹಳೆಯ ಕಾರುಗಳ ಮೆರವಣಿಗೆ ಆಗಸ್ಟ್ ತಿಂಗಳಲ್ಲಿರುವುದರಿಂದ, ಅಷ್ಟರೊಳಗೆ ಕಾರು ಕನ್ನಡಿಯಂತಾಗಬೇಕೆಂಬ ತರಾತುರಿ ಅನೇಕರಿಗೆ. ಕಾರನ್ನು ಹೀಗೆ ತೊಳೆದು ತಿಕ್ಕಿ ಹೊಳೆಸುವ ಡೀಟೇಲಿಂಗ್ ಎಂಬ ಈ ಗೀಳು ನನಗೂ ಹತ್ತಿತು. ಗೀಳು ಹತ್ತಿದವನಿಗೆ ಸಲಹೆ ಕೊಡುವ ಚಟವೂ ಹತ್ತುತ್ತದೆ.

ತುಮಕೂರಿನಲ್ಲಿರುವ ನನ್ನ ಹೆಂಡತಿಯ ತಮ್ಮ ಕಪ್ಪು ಬಣ್ಣದ ಹೊಸ ಕಾರು ಕೊಂಡಾಗ ನಾನೇ ಫೋನ್ ಮಾಡಿ ಉಪದೇಶ ಮಾಡಿದೆ. ಬಟ್ಟೆಯಿಂದ ಒರೆಸಿದಷ್ಟೂ ಗೀರು ಬೀಳುತ್ತದೆ, ಆದ್ದರಿಂದ ತೊಳೆದ ಮೇಲೆ ಪೈಪಿನಿಂದ ನೀರನ್ನು ನಿಧಾನವಾಗಿ ಹರಿಯಬಿಡು, ಅದು ಹಾಳೆಯಂತೆ ಜಾರಿಹೋಗುತ್ತದೆ, ಉಳಿದ ಹನಿಗಳು ತಾವಾಗಿಯೇ ಆರಲಿ ಎಂದಿದ್ದೆ. ಹ್ಯೂರಾನ್ ಸರೋವರದ ನೀರು ನಲ್ಲಿಯಲ್ಲಿ ಬರುವ ನಮ್ಮ ಕಡೆ ಅದು ನಡೆಯುತ್ತದೆ. ಅವರ ಮನೆಯಲ್ಲಿರುವುದು ಬೋರ್‌ವೆಲ್. ಕುಕ್ಕರಿನ ತಳದಲ್ಲಿ ಬಿಳಿ ಪದರ ಕಟ್ಟುವ ಆ ಗಡಸು ನೀರು ಬಿಸಿಲಿಗೆ ಆರಿದಾಗ, ಒಂದೊಂದು ಹನಿಯೂ ತನ್ನ ಸುಣ್ಣವನ್ನು ಬಾನೆಟ್ಟಿನ ಮೇಲೆ ಬಳೆಯಂತೆ ಬಿಟ್ಟುಹೋಯಿತು. ಎರಡು ತಿಂಗಳಾದ ಮೇಲೆ ಅವನು ಬೇಸರವನ್ನು ಅಡಗಿಸಿಕೊಂಡು, "ಭಾವ, ನೀವು ಹೇಳಿದ ಹಾಗೇ ಮಾಡಿದೆ" ಎಂದಷ್ಟೇ ಹೇಳಿದ. ಅವನು ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಬಲ್ಲವರು ಯಾರು ಎಂಬುದನ್ನು ಎರಡೂ ಕಡೆಯ ಜನ ಹೇಗೆ ತೀರ್ಮಾನಿಸುತ್ತಾರೆ ಎಂದು ನಾನು ಗಮನಿಸತೊಡಗಿದ್ದು ಆಮೇಲೆ. ನಮ್ಮಲ್ಲಿ ವಯಸ್ಸು ಮತ್ತು ಪರಿಚಯಗಳೇ ಪ್ರಮಾಣಪತ್ರ. "ಗೊತ್ತಿರೋರು, ಕಣ್ಣು ಮುಚ್ಚಿಕೊಂಡು ಹಾಕಿಸಿ" ಎಂಬ ಮಾತಿಗಿಂತ ದೊಡ್ಡ ಖಾತರಿ ಇನ್ನೊಂದಿಲ್ಲ. ಇಲ್ಲಿಯ ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿಯೂ ಹಿರಿಯರೊಬ್ಬರು ಪಾತ್ರೆ ತೊಳೆಯುವ ಸೋಪೇ ಕಾರಿಗೆ ಶ್ರೇಷ್ಠವೆಂದಾಗ, ಅದು ಮೇಣದ ಪದರವನ್ನು ಕಿತ್ತುಹಾಕುತ್ತದೆ ಎಂದು ತಿಳಿದಿದ್ದ ನಾವು ಮೂವರು ಚಿತ್ರಾನ್ನ ತಿನ್ನುತ್ತಾ ಸುಮ್ಮನಿದ್ದೆವು. ಅಮೆರಿಕನ್ನರ ಅಳತೆಗೋಲು ಬೇರೆ. ಅವರ ಕಣ್ಣು ಮೊದಲು ಹೋಗುವುದು ಗ್ಯಾರೇಜಿನ ಕಪಾಟಿನ ಮೇಲೆ. ಮೂವತ್ತು ಸೀಸೆ, ಎರಡು ಪಾಲಿಶಿಂಗ್ ಯಂತ್ರ, ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದವನ ಮಾತಿಗೆ ತೂಕ ಹೆಚ್ಚು. ಇವೆರಡರಲ್ಲಿ ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ಆದರೆ ಇಲ್ಲಿಯವರ ಒಂದು ಅಭ್ಯಾಸವನ್ನು ಮೆಚ್ಚುತ್ತೇನೆ. "ನನ್ನ ಕಾರಿಗೆ ಇದು ಹಿಡಿಸಿತು, ನಿನ್ನದಕ್ಕೆ ಹೇಗೋ" ಎಂದು ಸೇರಿಸಿಯೇ ಅವರು ಸಲಹೆ ಕೊಡುತ್ತಾರೆ. ಮೊದಮೊದಲು ಅದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಮಾತೆಂದು ನನಗೆ ಅನಿಸುತ್ತಿತ್ತು.

ಮೀಟರಿನ ಸಂಗತಿಯನ್ನೇ ತೆಗೆದುಕೊಳ್ಳೋಣ. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಒಂದು ಮೈಕ್ರಾನ್). ಅದರಲ್ಲಿ ಹೊಳಪು ಕೊಡುವ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 40–50 ಮೈಕ್ರಾನ್ ಇರಬಹುದು. ಪಾಲಿಶ್ ಎಂದರೆ ಈ ಪದರವನ್ನು ಗೀರಿನ ತಳದವರೆಗೆ ಸವೆಸುವುದು. ಒಮ್ಮೆ ಸವೆದದ್ದು ಮರಳಿ ಬರುವುದಿಲ್ಲ. ಸಾಮಾನ್ಯ ಮೀಟರ್ ಒಟ್ಟು ದಪ್ಪವನ್ನು ಮಾತ್ರ ತೋರಿಸುತ್ತದೆಯೇ ಹೊರತು ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಹೇಳುವುದಿಲ್ಲ. 120 ಎಂಬ ಅಂಕಿ ಕಂಡ ಕೂಡಲೇ "ಧಾರಾಳವಾಗಿ ಉಜ್ಜಬಹುದು" ಎನ್ನುವವನಿಗೂ, ಅದೇ ಅಂಕಿ ನೋಡಿ "ಇದಕ್ಕೆ ಹಿಂದೆ ಎಷ್ಟು ಸಲ ಪಾಲಿಶ್ ಆಗಿದೆ?" ಎಂದು ಕೇಳುವವನಿಗೂ ಇರುವ ಅಂತರ ಕಪಾಟಿನಲ್ಲಿ ಕಾಣುವುದಿಲ್ಲ.

ಬಣ್ಣದ ರಕ್ಷಣೆಗೆಂದು ಕಾರಿಗೆ ಹಚ್ಚುವ ಸೆರಾಮಿಕ್ ಲೇಪನ ಮಾರುವವರ "9ಎಚ್" ಎಂಬ ಮಂತ್ರವೂ ಹೀಗೆಯೇ. ವಜ್ರ ಹತ್ತು, ನಮ್ಮ ಲೇಪನ ಒಂಬತ್ತು ಎಂದು ಬೆಂಗಳೂರಿನಲ್ಲಿಯೂ ಹೇಳುತ್ತಾರೆ, ಇಲ್ಲಿಯೂ ಹೇಳುತ್ತಾರೆ. ವಜ್ರಕ್ಕೆ ಹತ್ತು ಅಂಕ ಕೊಟ್ಟ ಮಾಪನ 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞ ಮಾಡಿದ್ದು; 9ಎಚ್ ಎಂಬುದು ಬಣ್ಣದ ಮೇಲೆ ಬೇರೆ ಬೇರೆ ಗಡಸಿನ ಪೆನ್ಸಿಲ್ ಒತ್ತಿ ಎಳೆದು ನೋಡುವ ಪರೀಕ್ಷೆಯ ಅಂಕಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. (ಆತನ ಹೆಸರು ಮೋಸ್ ಎಂದಿದ್ದರೂ ಮೋಸ ಮಾಡುತ್ತಿರುವವರು ಬೇರೆಯವರು.) ದೂರದಿಂದ ಕಳಿಸುವ ಫೋಟೋಗಳನ್ನಂತೂ ನಾನು ನಂಬುವುದನ್ನೇ ಬಿಟ್ಟಿದ್ದೇನೆ. ಮೋಡದ ಬೆಳಕಿನಲ್ಲಿ ಎಂಥ ಕಾರೂ ನುಣುಪಾಗಿಯೇ ಕಾಣುತ್ತದೆ. ಕೆಲವು ಪಾಲಿಶ್‌ಗಳಲ್ಲಿರುವ ಎಣ್ಣೆ ಗೀರುಗಳೊಳಗೆ ತುಂಬಿಕೊಂಡು ಅವನ್ನು ಕೆಲವು ದಿನ ಮರೆಮಾಡುತ್ತದೆ. ಆ ಎಣ್ಣೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ತೆಗೆದು, ಟಾರ್ಚ್ ಹಿಡಿದು, ಉಳಿದುಹೋದ ಗೀರನ್ನೂ ತಾನೇ ತೋರಿಸುವವನ ಮಾತನ್ನು ಮಾತ್ರ ನಾನು ಕಿವಿಗೊಟ್ಟು ಕೇಳುತ್ತೇನೆ.

ತುಮಕೂರಿನ ಕಾರನ್ನು ಕೊನೆಗೆ ನೋಡಿದವರು ಅಲ್ಲಿಯ ಟಿಂಕರಿಂಗ್ ಶೆಡ್ಡಿನ ಹಳೆಯ ಪೇಂಟರ್ ಒಬ್ಬರು. ಆ ಶೆಡ್ಡಿನಲ್ಲಿ ಮೀಟರ್ ಇರಲಿಲ್ಲ. ನಾನು ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದೆ. ಕಾರಿನ ಹತ್ತಿರ ಬರುವ ಮೊದಲೇ ಅವರು ಕೇಳಿದ್ದು, "ನೀರು ಯಾವುದು ಸಾರ್, ಬೋರಾ, ನಲ್ಲೀದಾ?" ಆಮೇಲೆ ಬಾಗಿಲ ಮೇಲಿದ್ದ ಒಂದು ಗೀರಿನ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಡ್ಡ ಎಳೆದು, "ಉಗುರು ತಡೀತದೆ, ಇದು ಪಾಲಿಶ್‌ನಲ್ಲಿ ಹೋಗಲ್ಲ" ಎಂದರು. ಇಲ್ಲಿಯ ಪಳಗಿದ ಡೀಟೇಲರ್‌ಗಳು ಮಾಡುವ ಪರೀಕ್ಷೆಯೂ ಇದೇ. ವಿನೆಗರ್‌ಗೆ ನೀರು ಬೆರೆಸಿ, ಡಿಕ್ಕಿಯ ಕೆಳಗಿನ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಅಂಗೈಯಗಲ ಜಾಗದಲ್ಲಿ ಮೊದಲು ಒರೆಸಿ ನೋಡಿದರು. ಅಲ್ಲಿ ಏನೂ ಕೆಡದಿದ್ದ ಮೇಲೆಯೇ ಬಾನೆಟ್ಟಿಗೆ ಕೈಹಾಕಿದ್ದು. ಮುಕ್ಕಾಲು ಪಾಲು ಬಳೆಗಳು ಹೋದವು. ಬಣ್ಣದೊಳಕ್ಕೆ ಇಳಿದಿದ್ದವು ಉಳಿದವು. ಅವನ್ನೂ ಯಂತ್ರ ಹಾಕಿ ತೆಗೆಯಬಹುದಲ್ಲವೇ ಎಂದು ನಾನು ಇಲ್ಲಿಂದ ಕೇಳಿದ್ದಕ್ಕೆ ಅವರು ಫೋನಿನ ಕಡೆ ಒಮ್ಮೆ ನೋಡಿ, "ತೆಗೀಬೌದು. ಆದರೆ ಮುಂದಿನ ಸಲಕ್ಕೆ ಏನು ಉಳೀತದೆ?" ಎಂದರು.

ಹೋದ ತಿಂಗಳು ಅರಿಜೋನಾದ ಫೀನಿಕ್ಸ್‌ನಿಂದ ಪರಿಚಿತರೊಬ್ಬರು ಫೋನ್ ಮಾಡಿ, ತಮ್ಮ ಹೊಸ ಕಾರಿಗೆ ಯಾವ ಲೇಪನ ಒಳ್ಳೆಯದೆಂದು ಕೇಳಿದರು. ಅಲ್ಲಿಯ ನೀರೂ ಗಡಸು, ಬಿಸಿಲನ್ನಂತೂ ಹೇಳುವುದೇ ಬೇಡ. ಕಾರು ನೆರಳಿನಲ್ಲಿ ನಿಲ್ಲುತ್ತದೆಯೇ, ತೊಳೆಯುವ ನೀರು ಮೆದುಮಾಡುವ ಯಂತ್ರದಿಂದ ಬರುತ್ತದೆಯೇ, ತೊಳೆಯುವವರು ಯಾರು ಎಂದು ನಾನು ಒಂದೊಂದಾಗಿ ಕೇಳುತ್ತಾ ಹೋದೆ. ಅವರು ಸ್ವಲ್ಪ ಹೊತ್ತು ಉತ್ತರಿಸಿ, "ಇರಲಿ ಬಿಡಿ, ಇದೆಲ್ಲ ಚೆನ್ನಾಗಿ ಗೊತ್ತಿರೋರು ಒಬ್ಬರಿದ್ದಾರೆ, ಅವರನ್ನೇ ಕೇಳ್ತೀನಿ" ಎಂದು ಫೋನ್ ಇಟ್ಟರು.