ಬಯೋಡೇಟಾದ ಮೇಲಿನ ಆ ಅರ್ಧ ಪುಟ

ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕೆಂದು ಹೋದ ವಾರ ನಾನು ಇಲ್ಲಿ ಹಾಕಿದ್ದನ್ನು ನಿಮ್ಮಲ್ಲಿ ಹಲವರು ಹಂಚಿಕೊಂಡಿದ್ದೀರಿ. ಉಪಕಾರವಾಯಿತು. 43 ಅರ್ಜಿಗಳು ಬಂದವು. ನಿನ್ನೆ ರಾತ್ರಿ ಊಟ ಮುಗಿಸಿ ಕುಳಿತು ಎಲ್ಲವನ್ನೂ ಓದಿದೆ. ಮೊದಲು ಸಿಟ್ಟು ಬಂತು, ಆಮೇಲೆ ಸಂಕಟವಾಯಿತು.

ಬಯೋಡೇಟಾದ ಮೇಲೆ ಒಂದು ಕವರ್ ಲೆಟರ್. ಅದರಲ್ಲಿ ‘ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಲು ಉತ್ಸುಕನಾಗಿದ್ದೇನೆ’, ‘ಶ್ರಮಜೀವಿ’, ‘ಎಲ್ಲರೊಂದಿಗೆ ಹೊಂದಿಕೊಳ್ಳುವ ಸ್ವಭಾವ’. ಹೆಸರು ಮುಚ್ಚಿಟ್ಟರೆ ಯಾರ ಪತ್ರ ಯಾವುದೆಂದು ಹೆತ್ತವರೂ ಗುರುತಿಸಲಾರರು. ಒಂದರ ವಿಷಯದ ಸಾಲಿನಲ್ಲಿ ಬೇರೊಂದು ಕಂಪನಿಯ ಹೆಸರು ಹಾಗೆಯೇ ಉಳಿದಿತ್ತು. ಪೀಣ್ಯದ ನಮ್ಮ ಶೆಡ್ಡಿನಲ್ಲಿ ದುಡಿಯುವವರು 14 ಜನ. ನಮಗೆ ಪ್ರತಿಷ್ಠೆಯ ಮಾತು ಬೇಡ. ಮೂರು ವರ್ಷ ಡಿಪ್ಲೊಮಾ ಓದಿದ ನಿಮ್ಮ ಕೈಗೆ ಏನು ಬರುತ್ತದೆ, ಅದನ್ನು ಹೇಳಿ.

ಈ ಪತ್ರಗಳನ್ನು ಯಾರೂ ಓದುವುದಿಲ್ಲ, ದೊಡ್ಡ ಕಂಪನಿಗಳಲ್ಲಿ ತಂತ್ರಾಂಶವೇ ಅರ್ಜಿ ಜಾಲಿಸುತ್ತದೆ ಎಂದು ಗೆಳೆಯರೊಬ್ಬರು ವಾದಿಸಿದರು. ಇರಬಹುದು. ಆದರೆ ಪೀಣ್ಯದಲ್ಲಿರುವ ಸಾವಿರಾರು ಸಣ್ಣ ಘಟಕಗಳಲ್ಲಿ ಅರ್ಜಿ ಓದುವುದು ಮಾಲೀಕನೇ. ಇಂಗ್ಲಿಷ್ ಬಾರದ ಮಕ್ಕಳು ಏನು ಮಾಡಬೇಕು ಎಂದೂ ಕೇಳಿದರು. ಕನ್ನಡದಲ್ಲಿ ಬರೆಯಲಿ! ಹತ್ತನೇ ತರಗತಿಯಲ್ಲಿ ‘ಇಂದ’, ‘ಇವರಿಗೆ’, ‘ಮಾನ್ಯರೇ’ ಎಂದು ಪತ್ರಲೇಖನ ಕಲಿತವರೇ ತಾನೇ ಎಲ್ಲರೂ?

ನಿನ್ನೆಯ ರಾಶಿಯಲ್ಲಿ ಒಬ್ಬ ಹುಡುಗಿ ಹಾಗೆಯೇ ಬರೆದಿದ್ದಳು. ಕನ್ನಡದಲ್ಲಿ, ಅರ್ಧ ಪುಟ. ‘ತರಬೇತಿಯ ಮೊದಲ ತಿಂಗಳು ನಾನು ಅಳೆದು ಸರಿಯಿದೆ ಎಂದು ಕಳುಹಿಸಿದ 60 ಪಿನ್‌ಗಳು ವಾಪಸ್ ಬಂದವು. ದಪ್ಪ ಅಳೆಯುವ ನನ್ನ ಮೈಕ್ರೋಮೀಟರಿನಲ್ಲಿ 0.02 ಮಿ.ಮೀ. ಶೂನ್ಯ ದೋಷವಿತ್ತು, ಅಂದರೆ ಪೂರ್ತಿ ಮುಚ್ಚಿದಾಗಲೂ ಅದು ಸೊನ್ನೆ ತೋರಿಸುತ್ತಿರಲಿಲ್ಲ. ನಾನು ನೋಡಿರಲಿಲ್ಲ. ಅಂದಿನಿಂದ ಶಿಫ್ಟಿನ ಆರಂಭದಲ್ಲಿ ಅದರ ಎರಡೂ ಮುಖಗಳನ್ನು ಒರೆಸಿ, ಮುಚ್ಚಿ, ಸೊನ್ನೆಯ ಗೆರೆ ಕೂಡಿದೆಯೇ ಎಂದು ನೋಡದೆ ಒಂದು ಪಿನ್ನನ್ನೂ ಮುಟ್ಟುವುದಿಲ್ಲ.’ ಕೊನೆಗೆ, ನಾವು ಪಂಪಿನ ಶಾಫ್ಟ್ ಮಾಡುತ್ತೇವೆಂದು ತಿಳಿದುಕೊಂಡಿರುವುದಾಗಿಯೂ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬರಬಲ್ಲೆನೆಂದೂ ಎರಡು ಸಾಲು.

ಓದಿ ಸುಮ್ಮನೆ ಕುಳಿತುಬಿಟ್ಟೆ. ತಪ್ಪನ್ನು ಬರೆದುಕೊಂಡರೆ ಕೆಲಸ ಸಿಗುವುದಿಲ್ಲವೆಂದು ಹೆದರುವವರೇ ಎಲ್ಲ. ನನಗೆ ಆ 60 ಪಿನ್‌ಗಳಲ್ಲೇ ಅವಳ ಕೆಲಸ ಕಾಣಿಸಿತು. ಬಯೋಡೇಟಾದಲ್ಲಿ ಅಂಕಗಳಿದ್ದವು, ಈ ಮಾತು ಇರಲಿಲ್ಲ. ಕವರ್ ಲೆಟರ್ ಇರುವುದು ಬಯೋಡೇಟಾದಲ್ಲಿ ಹಿಡಿಯದ ಇಂಥ ಮಾತಿಗಾಗಿಯೇ.

ನಾನು ಇದನ್ನು ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ ಅರ್ಜಿಯನ್ನು ಅಪ್ಪ ಕೋರ್ಟಿನ ಎದುರು ಟೈಪ್ ಮಾಡುವವರ ಬಳಿ ದುಡ್ಡು ಕೊಟ್ಟು ಮಾಡಿಸಿದ್ದರು. ಅವರ ಬಳಿ ಎಲ್ಲರಿಗೂ ಒಂದೇ ಒಕ್ಕಣೆ. ಅದನ್ನು ಹಿಡಿದು 11 ವರ್ಕ್‌ಶಾಪ್‌ಗಳ ಮೆಟ್ಟಿಲು ಹತ್ತಿಳಿದೆ. ಹನ್ನೆರಡನೆಯ ಕಡೆ ಮಾಲೀಕರು ಕಾಗದವನ್ನು ಮಡಿಚಿಟ್ಟು, ‘ಇದಿರಲಿ, ನಿನಗೆ ಏನು ಬರುತ್ತದೆ?’ ಎಂದರು. ಲೇತ್‌ನ ಮುಂದೆ ನಿಲ್ಲಿಸಿದರು. ಅಪ್ಪನ ಆ ದುಡ್ಡು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ನಾಳೆ ಹತ್ತು ಗಂಟೆಗೆ ಆ ಹುಡುಗಿ ಬರುತ್ತಾಳೆ. ಮೇಜಿನ ಮೇಲೆ ಒಂದು ಶಾಫ್ಟ್, ಒಂದು ಮೈಕ್ರೋಮೀಟರ್ ಇಟ್ಟಿದ್ದೇನೆ.