ಬಂಡೆಯ ಬುಡದಲ್ಲಿ ಹಾಡು ಹಚ್ಚುವವರಿಗೆ

ಮಳೆಗಾಲ ಮುಗಿದು ಸಹ್ಯಾದ್ರಿಯ ಬಂಡೆಗಳು ಒಣಗತೊಡಗಿದೊಡನೆ ಪುಣೆ, ಮುಂಬೈ, ಠಾಣೆಗಳಲ್ಲಿ ನೆಲೆಸಿರುವ ನಮ್ಮಂಥ ಹವ್ಯಾಸಿ ಶಿಲಾರೋಹಿಗಳ ಭಾನುವಾರಗಳು ಮತ್ತೆ ಆರಂಭವಾಗುತ್ತವೆ. ಹಗ್ಗ, ಹಾರ್ನೆಸ್, ಹೆಲ್ಮೆಟ್‌ಗಳ ಜೊತೆಗೆ ಈಚಿನ ವರ್ಷಗಳಲ್ಲಿ ಚೀಲದಿಂದ ಇನ್ನೊಂದು ಸಾಮಾನೂ ಹೊರಬರುತ್ತಿದೆ: ಅಂಗೈಯಗಲದ ಬ್ಲೂಟೂತ್ ಸ್ಪೀಕರ್. ಅದನ್ನು ಬಂಡೆಯ ಬುಡದಲ್ಲಿಟ್ಟು ಹಾಡು ಹಚ್ಚುವುದು ಸರಿಯೇ ಎಂಬ ಚರ್ಚೆ ಪ್ರತಿ ಸಲವೂ ಅಭಿರುಚಿಯ ಜಗಳವಾಗಿ ಮುಗಿಯುತ್ತದೆ. ಒಬ್ಬರಿಗೆ ಕಾಡಿನ ಮೌನ ಬೇಕು, ಮತ್ತೊಬ್ಬರಿಗೆ ಹುರುಪು ಬೇಕು. ಇಬ್ಬರೂ ಒಬ್ಬರನ್ನೊಬ್ಬರು ಒಣಜನವೆಂದೋ ಗದ್ದಲದವರೆಂದೋ ತೀರ್ಮಾನಿಸಿ ಸುಮ್ಮನಾಗುತ್ತಾರೆ. ನನ್ನ ಆಕ್ಷೇಪಕ್ಕೂ ಅಭಿರುಚಿಗೂ ಸಂಬಂಧವಿಲ್ಲ. ಹಗ್ಗ ಕಟ್ಟಿಕೊಂಡು ಏರುವ ಜಾಗದಲ್ಲಿ ಕಿವಿಯೂ ಒಂದು ಸುರಕ್ಷಾ ಸಾಧನ, ಅಲ್ಲಿರುವ ಎಲ್ಲರ ಕಿವಿಯನ್ನು ತನ್ನ ಹಾಡಿನಿಂದ ತುಂಬುವ ಅಧಿಕಾರ ಯಾರಿಗೂ ಇಲ್ಲ ಎಂಬುದಷ್ಟೇ ನನ್ನ ವಾದ.

ಶಿಲಾರೋಹಣದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಏರುವವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ಭಾಗವನ್ನು ಕೆಳಗೆ ನಿಂತವರೊಬ್ಬರು ಹಿಡಿದಿರುತ್ತಾರೆ; ಇದಕ್ಕೆ ಬಿಲೇ ಎನ್ನುತ್ತಾರೆ. ಮೇಲಿನವರು ಇಪ್ಪತ್ತು ಮೂವತ್ತು ಮೀಟರ್ ಎತ್ತರಕ್ಕೆ ಹೋದಾಗ, ಅದರಲ್ಲೂ ಬಂಡೆಯ ಉಬ್ಬಿನಾಚೆಗೆ ಮರೆಯಾದಾಗ, ಇಬ್ಬರ ನಡುವೆ ಉಳಿಯುವುದು ಹಗ್ಗ ಮತ್ತು ಕೂಗು ಮಾತ್ರ. ಆ ಕೂಗುಗಳೂ ಚಿಕ್ಕವು. ‘ಟೇಕ್’ ಎಂದರೆ ಹಗ್ಗವನ್ನು ಬಿಗಿಮಾಡಿ ನನ್ನ ಭಾರವನ್ನು ಹಿಡಿ ಎಂದು. ‘ಸ್ಲ್ಯಾಕ್’ ಎಂದರೆ ಹಗ್ಗವನ್ನು ಸಡಿಲಬಿಡು ಎಂದು. ಒಂದಕ್ಕೊಂದು ಪೂರ್ತಿ ವಿರುದ್ಧವಾದ ಈ ಎರಡು ಆದೇಶಗಳೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ಗಾಳಿ ಬೀಸುವಾಗ, ತಲೆಯ ಮೇಲೆ ಹೆಲ್ಮೆಟ್ ಇರುವಾಗ, ಮೊದಲ ಅಕ್ಷರ ಹಾರಿಹೋಗಿ ಕೊನೆಯ ‘ಕ್’ ಮಾತ್ರ ಕೇಳಿಸುವುದುಂಟು. ಅದರ ಮೇಲೆ ಡ್ರಮ್ಮಿನ ಸದ್ದನ್ನೂ ಹೇರಿದರೆ ಕೆಳಗಿನವರು ಊಹೆಯ ಮೇಲೆ ಹಗ್ಗ ನಡೆಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯವಿರುವುದು ದಾರಿಯ ಕೊನೆಯಲ್ಲಿ. ಹಗ್ಗವನ್ನು ಬಂಡೆಗೆ ಭದ್ರಪಡಿಸುವ ಮೇಲಿನ ಆಂಕರ್ ತಲುಪಿದವರು ಅಲ್ಲಿಂದ ಬಿಲೇಯ ಮೇಲೆಯೇ ಕೆಳಗಿಳಿಯುತ್ತಾರೆಯೋ ಅಥವಾ ತಾವೇ ಹಗ್ಗಕ್ಕೆ ಜೋತು ಇಳಿಯುತ್ತ, ಅಂದರೆ ರ್‍ಯಾಪೆಲ್ ಮಾಡಿಕೊಂಡು ಬರುತ್ತಾರೆಯೋ ಎಂಬುದು ಕೆಳಗಿನವರಿಗೆ ಸ್ಪಷ್ಟವಾಗಿ ತಿಳಿದಿರಬೇಕು. ಕೇಳಿಸಿದ ಅರ್ಧ ಮಾತನ್ನು ‘ಆಫ್ ಬಿಲೇ’ (ಇನ್ನು ಬಿಲೇ ಬೇಡ) ಎಂದು ತಿಳಿದು ಕೆಳಗಿನವರು ಹಗ್ಗವನ್ನು ಉಪಕರಣದಿಂದ ಬಿಡಿಸಿಬಿಡುತ್ತಾರೆ. ಅದೇ ಹಗ್ಗವನ್ನು ನಂಬಿ ಮೇಲಿನವರು ಹಿಂದಕ್ಕೆ ಒರಗುತ್ತಾರೆ. ಅನುಭವಿಗಳನ್ನೂ ಬಲಿ ತೆಗೆದುಕೊಂಡಿರುವ ಈ ಬಗೆಯ ಅಪಘಾತ ಜಗತ್ತಿನ ಎಲ್ಲ ಕ್ಲೈಂಬಿಂಗ್ ತಾಣಗಳಿಗೂ ಪರಿಚಿತವಾದದ್ದು. ಹೊರಡುವ ಮೊದಲೇ ಮಾತಾಡಿಕೊಳ್ಳಬೇಕು, ಹಗ್ಗ ಎಳೆದು ಸಂಕೇತ ಕೊಡುವುದನ್ನು ಕಲಿಯಬೇಕು ಎಂಬುದೆಲ್ಲ ನಿಜವೇ. ಆದರೆ ಇವೆಲ್ಲ ಗಾಳಿ, ಜಲಪಾತ, ಬಂಡೆಯ ತಿರುವುಗಳಂಥ ನಮ್ಮ ಕೈಯಲ್ಲಿಲ್ಲದ ಅಡ್ಡಿಗಳಿಗೆಂದು ಇರುವ ಉಪಾಯಗಳು. ನಾವೇ ಚೀಲದಲ್ಲಿ ಹೊತ್ತು ತಂದ ಅಡ್ಡಿಗೆ ಉಪಾಯ ಹುಡುಕುವುದು ವಿಚಿತ್ರವಲ್ಲವೇ?

ನಮ್ಮ ಕಡೆಯ ಕಲ್ಲಿನ ಗುಣವೂ ಈ ವಾದಕ್ಕೆ ಬಲ ಕೊಡುತ್ತದೆ. ಬಾದಾಮಿಯ ಮರಳುಗಲ್ಲಿನ ಮೇಲೋ ಹಂಪಿಯ ಕಣಶಿಲೆಯ ಮೇಲೋ ಕೈಯಿಟ್ಟು ಬಂದ ಕನ್ನಡಿಗರಿಗೆ ಸಹ್ಯಾದ್ರಿಯ ಬಸಾಲ್ಟ್ ಮೊದಮೊದಲು ಗಾಬರಿ ಹುಟ್ಟಿಸುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾದ ಲಾವಾ ಇದು. ಪದರಗಳ ನಡುವೆ ಮೆತ್ತನೆಯ ಕೆಂಪು ಪಟ್ಟಿಗಳಿವೆ, ಮಳೆ ಬಿಸಿಲುಗಳಿಗೆ ಸಡಿಲಗೊಂಡ ಚಕ್ಕೆಗಳಿವೆ. ಹಿಡಿದ ಹಿಡಿಕೆಯೇ ಕಿತ್ತು ಬರುವುದು ಇಲ್ಲಿ ಅಪರೂಪವೇನಲ್ಲ. ಕಲ್ಲು ಜಾರಿದಾಗ ಮೇಲಿನಿಂದ ‘ರಾಕ್!’ ಎಂಬ ಕೂಗು ಬರುತ್ತದೆ, ಕೆಳಗಿರುವವರೆಲ್ಲ ಬಂಡೆಗೆ ಅಂಟಿಕೊಳ್ಳಬೇಕು. ಖಂಡಾಲಾದ ಡ್ಯೂಕ್ಸ್ ನೋಸ್‌ನಂಥ ಕಡೆ ರಜಾದಿನಗಳಲ್ಲಿ ಮೂರು ನಾಲ್ಕು ತಂಡಗಳು ಒಂದೇ ಸಮಯಕ್ಕೆ ಸೇರಿರುತ್ತವೆ. ಒಂದು ತಂಡದ ಸ್ಪೀಕರ್ ಪಕ್ಕದ ತಂಡದ ಎಚ್ಚರಿಕೆಯನ್ನು ನುಂಗುತ್ತದೆ. ಎರಡು ಬೃಹತ್ ಗೋಡೆಗಳು ಅಕ್ಕಪಕ್ಕ ನಿಂತಿರುವ ತೈಲಬೈಲಾದಲ್ಲಂತೂ ಮಾಮೂಲಿ ಮಾತೇ ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಇನ್ನು ಹೆಜ್ಜೇನು. ಸಹ್ಯಾದ್ರಿಯ ಕಡಿದಾದ ಗೋಡೆಗಳಲ್ಲಿ ಅವುಗಳ ಹುಟ್ಟುಗಳು ತೂಗುತ್ತಿರುತ್ತವೆ, ಅವು ಎದ್ದಾಗ ಮೊದಲು ಕಂಡವರು ಕೂಗಿದ್ದು ಕಡೆಯವರಿಗೂ ಆ ಕ್ಷಣವೇ ಕೇಳಿಸಬೇಕು.

ಈ ರೂಢಿ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಇಂದು ಅನೇಕರು ಕ್ಲೈಂಬಿಂಗ್ ಕಲಿಯುವುದು ಊರೊಳಗಿನ ಕೃತಕ ಗೋಡೆಗಳ ಮೇಲೆ. ಅಲ್ಲಿ ಹಾಡು ಇದ್ದೇ ಇರುತ್ತದೆ. ಸ್ಪರ್ಧೆಗಳಲ್ಲಿಯೂ ಅಷ್ಟೆ, 2016ರಲ್ಲಿ ನವಿ ಮುಂಬೈಯಲ್ಲಿಯೇ ಬೌಲ್ಡರಿಂಗ್ (ಹಗ್ಗವಿಲ್ಲದೆ ಕಡಿಮೆ ಎತ್ತರ ಏರುವ ಬಗೆ) ವಿಶ್ವಕಪ್ ನಡೆಯಿತು, ಟೋಕಿಯೋ ಒಲಿಂಪಿಕ್ಸ್‌ನಿಂದ ಈ ಕ್ರೀಡೆ ಟಿವಿಯಲ್ಲೂ ಬರತೊಡಗಿತು. ಸಂಗೀತ, ನಿರೂಪಕರ ಅಬ್ಬರ, ಚಪ್ಪಾಳೆಗಳು ಕ್ಲೈಂಬಿಂಗಿನ ಅಂಗವೇ ಎಂದು ಹೊಸಬರು ತಿಳಿದರೆ ಅವರನ್ನು ದೂರಲಾಗದು. ಆದರೆ ಒಳಾಂಗಣದಲ್ಲಿ ಸಡಿಲ ಕಲ್ಲಿಲ್ಲ, ಬಿಲೇ ಹಿಡಿದವರ ಕಣ್ಣಿಗೆ ಏರುವವರು ಮರೆಯಾಗುವುದಿಲ್ಲ, ಮತ್ತು ಅಲ್ಲಿ ಹಾಡು ಹಚ್ಚಲು ಆ ಜಾಗಕ್ಕೊಬ್ಬ ಯಜಮಾನನಿದ್ದಾನೆ. ಬಯಲಿನ ಬಂಡೆಗೆ ಅಂಥ ಯಜಮಾನ ಯಾರೂ ಇಲ್ಲ.

‘ನಾವು ಅಕ್ಕಪಕ್ಕದವರನ್ನು ಕೇಳಿಯೇ ಹಚ್ಚುತ್ತೇವೆ’ ಎಂಬ ಸಮರ್ಥನೆಯನ್ನು ಬಹಳ ಸಲ ಕೇಳಿದ್ದೇನೆ. ಮೇಲ್ನೋಟಕ್ಕೆ ಇದು ಸಭ್ಯವಾಗಿಯೇ ಕಾಣುತ್ತದೆ. ಆದರೆ ಎಂಟು ಹತ್ತು ಜನರ ಗುಂಪು ನಗುನಗುತ್ತ ಬಂದು ‘ನಿಮ್ಮದೇನೂ ಅಭ್ಯಂತರವಿಲ್ಲವಲ್ಲ?’ ಎಂದು ಇಬ್ಬರನ್ನು ಕೇಳಿದರೆ ‘ಇದೆ’ ಎನ್ನುವ ಧೈರ್ಯ ಎಷ್ಟು ಜನರಿಗಿರುತ್ತದೆ? ನಮ್ಮಲ್ಲಿ ಅಪರಿಚಿತರ ಮುಖಕ್ಕೆ ಬೇಡವೆನ್ನುವುದು ಒರಟುತನವೆಂದೇ ಬೆಳೆಸಿದ್ದಾರೆ. ಹಾಗಾಗಿ ‘ಪರವಾಗಿಲ್ಲ, ಹಚ್ಚಿ’ ಎಂಬ ಉತ್ತರವನ್ನು ಒಪ್ಪಿಗೆಯೆಂದು ಎಣಿಸುವಂತಿಲ್ಲ. ಮೇಲಾಗಿ, ಕೇಳುವ ಹೊತ್ತಿಗೆ ಗೋಡೆಯ ಮೇಲಿರುವವರನ್ನು ಯಾರೂ ಕೇಳಿರುವುದಿಲ್ಲ. ನಿಜವಾಗಿ ಅಭಿಪ್ರಾಯ ಬೇಕಾಗಿರುವುದು ಅವರದೇ.

ಪರಭಾಷಾ ನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ತೊಡಕಿದೆ. ನಮ್ಮ ಕನ್ನಡ ಗೆಳೆಯರ ಗುಂಪು ಮಾವಳದ ಕೋಟೆಯೊಂದರ ಕೆಳಗೆ ರಾಜ್‌ಕುಮಾರ್ ಹಾಡು ಹಚ್ಚಿದಾಗ, ಪಕ್ಕದ ಮರಾಠಿ ತಂಡದವರು ಸ್ವಲ್ಪ ಕಡಿಮೆ ಮಾಡಿ ಎಂದರೆ, ಮಾತು ಸದ್ದಿನ ಮೇಲಿಂದ ಜಾರಿ ಭಾಷೆಯ ಮೇಲೆ ಬೀಳಲು ಕ್ಷಣ ಸಾಕು. ಅವರು ಹೇಳಿದ್ದು ಬಿಲೇಯ ಕೂಗು ಕೇಳಿಸುತ್ತಿಲ್ಲವೆಂದು. ನಮಗೆ ಕೇಳಿಸುವುದು ಕನ್ನಡ ಬೇಡವೆಂದು. ತಿರುವುಮುರುವಾಗಿಯೂ ಹೀಗೆಯೇ ಆಗುತ್ತದೆ. ಕಾರಿನಲ್ಲಿ ಬಾಯಿ ತುಂಬ ಹಾಡುತ್ತ ಬರುವ ನನಗೆ ಆ ಹಾಡುಗಳ ಮೇಲಿರುವ ಪ್ರೀತಿ ಯಾರಿಗಿಂತಲೂ ಕಡಿಮೆಯಲ್ಲ, ಆದರೆ ಬಂಡೆಯ ಬುಡದಲ್ಲಿ ಅವೂ ಬೇಡ. (ಕೋಟೆ ಏರುವ ಮುನ್ನ ಶಿವಾಜಿ ಮಹಾರಾಜರಿಗೆ ಜಯಕಾರ ಹಾಕುವುದು ಇಲ್ಲಿನ ವಾಡಿಕೆ. ಅದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಯಾರೂ ಹಗ್ಗದ ಮೇಲಿರುವುದಿಲ್ಲ. ಅದನ್ನು ಸ್ಪೀಕರಿಗೆ ಹೋಲಿಸಿ ವಾದ ಮಾಡುವವರು ದಯವಿಟ್ಟು ಬಿಡಿ.)

ಮನುಷ್ಯರ ಆಚೆಗೂ ಕೇಳುವ ಕಿವಿಗಳಿವೆ. ನಾವು ಏರುವ ಋತುವೂ ಕಡಿದಾದ ಗೋಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುವ ಋತುವೂ ಹೆಚ್ಚುಕಡಿಮೆ ಒಂದೇ, ನವೆಂಬರಿನಿಂದ ಮಾರ್ಚ್‌ವರೆಗೆ. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ ಸಂಗತಿ ಕರ್ನಾಟಕದ ಶಿಲಾರೋಹಿಗಳಿಗೆ ಚೆನ್ನಾಗಿಯೇ ಗೊತ್ತು. ಇತ್ತ ಕೊಂಕಣಕಡಾ ಎಂಬ ಕಡಿದಾದ ಗೋಡೆ ಇರುವ ಹರಿಶ್ಚಂದ್ರಗಡವೂ ಅಭಯಾರಣ್ಯದೊಳಗಿದೆ. ಮೃಗಾಲಯದ ಪ್ರಾಣಿಗಳಿಗೆ ಸದ್ದಿನಿಂದ ತೊಂದರೆ ಕೊಡಬಾರದೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಪಂಜರದೊಳಗಿನ ಪ್ರಾಣಿಗೆ ತೋರುವ ಸೌಜನ್ಯವನ್ನು ಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುತ್ತಿರುವ ಹಕ್ಕಿಗೂ ತೋರಲು ನಮಗೆ ಬೇರೆ ಕಲಮು ಬೇಕಾಗಬಾರದು. ರಾತ್ರಿ ಡೇರೆ ಹಾಕಿ ಹಾಡು ಹಚ್ಚುವವರಿಗೆ 2000ದ ಶಬ್ದಮಾಲಿನ್ಯ ನಿಯಮಗಳಿವೆ: ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ.

ಠಾಣೆ ಬಳಿಯ ಮುಂಬ್ರಾದಂಥ ಕಡೆ ಲೋಕಲ್ ರೈಲುಗಳ ಸದ್ದು ಹೇಗೂ ಇದೆಯಲ್ಲ, ನಮ್ಮ ಪುಟ್ಟ ಸ್ಪೀಕರ್ ಏನು ಮಹಾ ಎಂದು ಕೇಳುವವರಿದ್ದಾರೆ. ರೈಲು ಹಾದುಹೋಗುತ್ತದೆ, ಹಾಡು ಹೋಗುವುದಿಲ್ಲ. ಹಗ್ಗಕ್ಕೆ ಆಸರೆಯಾಗುವ ಬೋಲ್ಟ್ ಅನ್ನು ಬಂಡೆಗೆ ಹಾಕಲು ಡ್ರಿಲ್ ಕೊರೆಯುವುದಿಲ್ಲವೇ ಎಂಬುದು ಇನ್ನಷ್ಟು ಚುರುಕಾದ ಪ್ರಶ್ನೆ. ಹೌದು, ಅದು ಕರ್ಕಶವೇ, ಆದರೆ ಒಂದು ಕೆಲಸಕ್ಕಾಗಿ ಕೆಲವು ನಿಮಿಷ ಇರುತ್ತದೆ, ಆ ಬೋಲ್ಟ್ ಮುಂದೆ ಬರುವವರೆಲ್ಲರ ಪ್ರಾಣ ಕಾಯುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುವುದು ಪಕ್ಕದವರ ಮಟ್ಟಿಗೆ ಸಭ್ಯತೆ, ಹಗ್ಗ ಹಿಡಿದವರ ಮಟ್ಟಿಗೆ ಮಾತ್ರ ಅಪರಾಧ. ಒಂದೇ ಕಿವಿಗೆ ಹಾಕಿಕೊಂಡರೂ ಅಪರಾಧವೇ.

ಬೌಲ್ಡರಿಂಗ್ ಬೇರೆ ಬಗೆಯದು. ನವಿ ಮುಂಬೈಯ ಬೇಲಾಪುರದ ಬಂಡೆಗಳ ಮೇಲೆ ಹಗ್ಗವಿಲ್ಲ, ಕೆಳಗೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಮೆತ್ತೆ ಇದೆ, ಜೊತೆಯವರು ಕೈಯಳತೆಯಲ್ಲಿ ನಿಂತಿರುತ್ತಾರೆ. ಅಲ್ಲಿ ನನ್ನ ವಾದದ ಅರ್ಧ ಬಲ ಹೋಗುತ್ತದೆಂದು ಒಪ್ಪುತ್ತೇನೆ. ನಿಮ್ಮ ಗುಂಪಿನ ಹೊರತು ಯಾರೂ ಇಲ್ಲದಿದ್ದರೆ, ಗೂಡುಗಳಿಲ್ಲದಿದ್ದರೆ, ಪ್ಯಾಡಿನಾಚೆಗೆ ಕೇಳಿಸದಷ್ಟು ಮೆಲ್ಲಗೆ ಹಚ್ಚಿಕೊಂಡರೆ ನಾನು ಜಗಳಕ್ಕೆ ಬರುವುದಿಲ್ಲ. ಇನ್ನೊಬ್ಬರು ಬಂದೊಡನೆ, ಅವರು ಕೇಳುವ ಮೊದಲೇ ಆರಿಸಿ.

ಈ ಮಾತನ್ನು ಬಂಡೆಯ ಬುಡದಲ್ಲಿ ಯಾರು ಹೇಳಬೇಕು ಎಂಬುದು ಉಳಿಯುತ್ತದೆ. ತಂಡದಲ್ಲಿ ಹಿರಿಯರಾದವರೇ ಹೇಳಬೇಕೆಂದು ನನ್ನ ಅಭಿಪ್ರಾಯ. ಪಕ್ಕದ ತಂಡದ ಹುಡುಗಿಯೊಬ್ಬಳು ಬಿಲೇ ಬಿಟ್ಟು ಬಂದು ವಿನಂತಿಸಿಕೊಳ್ಳುವ ಪರಿಸ್ಥಿತಿ ತರಬಾರದು. ಹೇಳುವಾಗ ಕಾಡು, ಸಂಸ್ಕೃತಿ ಎಂದು ಭಾಷಣ ಬೇಡ, ‘ಅಣ್ಣಾ, ಮೇಲಿಂದ ಕೂಗಿದ್ದು ಕೇಳಿಸ್ತಿಲ್ಲ’ ಎಂಬಷ್ಟೇ ಸಾಕು. ದುಡ್ಡು ಪಡೆದು ಜನರನ್ನು ಕರೆತರುವ ಆಯೋಜಕರಿಗೆ ಇದು ಇನ್ನೂ ಸುಲಭ. ಹಿಂದಿನ ದಿನ ಅವರು ಕಳಿಸುವ ವಾಟ್ಸಾಪ್ ಸಂದೇಶದಲ್ಲಿ ಎರಡು ಲೀಟರ್ ನೀರು, ಬೂಟು, ಆಧಾರ್ ಕಾರ್ಡಿನ ಪ್ರತಿ ಎಂದೆಲ್ಲ ಇರುತ್ತದೆ. ಅದರ ಕೆಳಗೆ ಸ್ಪೀಕರ್ ತರಬೇಡಿ ಎಂದು ಇನ್ನೊಂದು ಸಾಲು ಸೇರಿಸಿದರೆ, ಬೆಳಗ್ಗೆ ಯಾರೂ ಯಾರಿಗೂ ಏನೂ ಹೇಳಬೇಕಾಗುವುದಿಲ್ಲ.