140 ಮಂದಿಗೆ ವೈಯಕ್ತಿಕ ಗಮನ

ಪ್ರತಿಯೊಬ್ಬ ವಿದ್ಯಾರ್ಥಿಗೂ ವೈಯಕ್ತಿಕ ಗಮನ ಕೊಡಬೇಕು, ಕೊಟ್ಟಿದ್ದಕ್ಕೆ ದಾಖಲೆಯನ್ನೂ ಇಡಬೇಕು ಎಂಬ ಸುತ್ತೋಲೆ ಮತ್ತೆ ಬಂದಿದೆ. ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ನಾಕ್‌ನ (NAAC) ತಂಡದ ಭೇಟಿ ಹತ್ತಿರವಾದಾಗಲೆಲ್ಲ ತಪ್ಪದೆ ಬರುವ ಅದನ್ನು ನಾವೆಲ್ಲ ಭಕ್ತಿಯಿಂದ ಓದಿ ಸಹಿ ಹಾಕಿದ್ದೇವೆ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಮೂರನ್ನೂ ಒಟ್ಟುಗೂಡಿಸಿ ನಡೆಸುವ ನನ್ನ ಕನ್ನಡ ಭಾಷಾ ತರಗತಿಯಲ್ಲಿ 140 ಮಂದಿ ಇದ್ದಾರೆ, ಅವಧಿ 60 ನಿಮಿಷ. ಪಾಠ ಮಾಡುವ ದುರಭ್ಯಾಸವನ್ನು ನಾನು ಬಿಟ್ಟರೆ ಒಬ್ಬೊಬ್ಬರಿಗೂ 25 ಸೆಕೆಂಡು ಧಾರಾಳವಾಗಿ ಸಿಗುತ್ತದೆ.

ಹಾಜರಿ ಕರೆಯುವುದನ್ನೂ ಬಿಡಬೇಕಾಗುತ್ತದೆ, ಆದರೆ ಶೇ. 75 ಹಾಜರಾತಿಯ ನಿಯಮ ಬಿಡಗೊಡುವುದಿಲ್ಲ. ಹೆಸರು ಹಿಡಿದು ಕರೆದರೆ ಗಂಟೆ ಹೊಡೆದೀತೆಂದು ನಂಬರು ಕೂಗುತ್ತೇನೆ. 63 ಎಂದಾಗ ಹಿಂದಿನ ಬೆಂಚಿನಿಂದ ‘ಯೆಸ್ ಸಾರ್’ ಎಂಬ ದನಿ ಏಳುತ್ತದೆ. 64 ಎಂದಾಗಲೂ ಅದೇ ದನಿ, ತುಸು ಕೆಮ್ಮು ಬೆರೆಸಿಕೊಂಡು. 71 ಹುಡುಗಿಯ ನಂಬರಾದರೂ ಆತ ಎದೆಗುಂದದೆ ಕಂಠ ಸಣ್ಣ ಮಾಡಿ ಪ್ರಯತ್ನಿಸಿದ್ದುಂಟು. ವಾರ್ಷಿಕೋತ್ಸವದ ಏಕಪಾತ್ರಾಭಿನಯಕ್ಕೆ ಅವನನ್ನು ಸೂಚಿಸಬೇಕೆಂದಿದ್ದೇನೆ, ಹೆಸರು ಗೊತ್ತಿಲ್ಲದಿರುವುದೊಂದೇ ತೊಡಕು. ಮೂವರ ಬೆಂಚಿನಲ್ಲಿ ಐವರು ಕೂತಿರುವುದರಿಂದ ಮಾತಾಡಿದವರು ಯಾರೆಂದು ತಲೆಯೆತ್ತಿ ನೋಡಿದರೂ ತಿಳಿಯುವುದಿಲ್ಲ. ಅಂಚಿನಲ್ಲಿ ಕೂತವರು ಒಂದು ಕಾಲನ್ನು ನಡುದಾರಿಗೆ ಊರಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಾರೆ.

ನಾಕ್ ಕೇಳುವ ವಿದ್ಯಾರ್ಥಿ–ಶಿಕ್ಷಕ ಅನುಪಾತದಲ್ಲಿ ಮಾತ್ರ ನಮಗೆ ಚಿಂತೆಯಿಲ್ಲ. ಕಾಲೇಜಿನ ಒಟ್ಟು ವಿದ್ಯಾರ್ಥಿಗಳನ್ನು ಒಟ್ಟು ಅಧ್ಯಾಪಕರಿಂದ ಭಾಗಿಸಿದರೆ ಆಯಿತು, ಒಂದು ಕೊಠಡಿಯಲ್ಲಿ ಎಷ್ಟು ಮಂದಿ ಕೂತಿದ್ದಾರೆಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಭೌತಶಾಸ್ತ್ರದ ಕೊನೆಯ ವರ್ಷದಲ್ಲಿ ಏಳೇ ಮಂದಿ ಉಳಿದಿರುವುದು ನಮ್ಮ ಸರಾಸರಿಯ ಮಾನ ಕಾಪಾಡಿದೆ.

ಸುಧಾರಣೆಗೇನೂ ಬರವಿಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿಯೊಂದಿಗೆ ನಾಲ್ಕು ವರ್ಷಗಳ ಪದವಿ ಬಂತು, 2024ರಲ್ಲಿ ಅದು ಹೋಗಿ ಮೂರು ವರ್ಷಗಳದ್ದೇ ಮರಳಿತು. ಪಠ್ಯಕ್ರಮ ಎರಡು ಬಾರಿ ಬದಲಾಯಿತು, ಬೆಂಚುಗಳ ಸಂಖ್ಯೆ ಒಮ್ಮೆಯೂ ಬದಲಾಗಲಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ಬಹುಪಾಲು ಹೊರೆ ಹೊತ್ತಿರುವವರು 10,000ಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ನಮ್ಮ ಪಕ್ಕದ ಕೊಠಡಿಯ ಅತಿಥಿ ಬಂದು ಹದಿನೈದು ವರ್ಷಗಳಾದವು. ಅತಿಥಿ ದೇವೋ ಭವ ಎನ್ನುವ ನಾಡಿನಲ್ಲಿ ರಜೆಯ ತಿಂಗಳುಗಳಲ್ಲಿ ಈ ದೇವರಿಗೆ ನೈವೇದ್ಯವಿಲ್ಲ. ಹುದ್ದೆ ತುಂಬುವುದಿಲ್ಲ, ಕೊಠಡಿ ಕಟ್ಟುವುದಿಲ್ಲ, ದಾಖಲೆ ಮಾತ್ರ ಕೇಳುತ್ತೀರಿ. ಇದನ್ನು ಹಾಸ್ಯವಾಗಿ ಬರೆದೂ ಬರೆದೂ ನನಗೆ ಸಾಕಾಗಿದೆ.

ಮೊನ್ನೆ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿ ಹಳಗನ್ನಡ ಪದ್ಯವೊಂದರ ಅನ್ವಯ ಕೇಳಿದಳು. ಒಳ್ಳೆಯ ಪ್ರಶ್ನೆ. ಯಾವ ಕ್ಲಾಸಮ್ಮಾ ನೀನು ಎಂದೆ.

‘ನಿಮ್ಮದೇ ಸಾರ್, ಹೋದ ಸೆಮಿಸ್ಟರಿನಿಂದ.’

ಅವಳ ಹೆಸರಿನ ಮುಂದೆ ‘ವೈಯಕ್ತಿಕ ಗಮನ ನೀಡಲಾಗಿದೆ’ ಎಂದು ಬರೆದು, ಹಿಂದಿನ ದಿನವಷ್ಟೇ ನಾನು ಸಹಿ ಹಾಕಿದ್ದೆ.